ಇದು ವೈರಾಗ್ಯವೋ, ದಣಿವೋ? ಶಿಡ್ಲಘಟ್ಟದ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 44 ವರ್ಷ. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚುವ ಘಟಕ. ಯಜಮಾನರು ಗೂಡಿನ ಮಾರ್ಕೆಟ್ ನೋಡಿಕೊಳ್ಳುತ್ತಾರೆ. ಲೆಕ್ಕ, ಕೆಲಸದವರ ಕೂಲಿ ಎಲ್ಲ ನಾನು ನೋಡುತ್ತಿದ್ದೆ. ಅತ್ತೆಗೆ ಲಕ್ವ ಹೊಡೆದು ಒಂಬತ್ತು ವರ್ಷ ಹಾಸಿಗೆಯಲ್ಲೇ ಇದ್ದರು. ಎಲ್ಲ ನಾನೇ ಮಾಡಿದೆ. ಎರಡು ವರ್ಷದ ಹಿಂದೆ ಅವರು ತೀರಿಕೊಂಡರು, ಅದೇ ವರ್ಷ ಮಗ ಓದಲು ಬೆಂಗಳೂರಿಗೆ ಹೋದ. ಆಮೇಲೆ ಒಂದು ಧ್ಯಾನದ ಗುಂಪು ಸೇರಿದೆ. ಬೆಳಗಿನ ಜಾವ ಮೂರೂವರೆಗೆ ಏಳುತ್ತೇನೆ. ಜೋರಾಗಿ ಉಸಿರಾಡುವ ಅಭ್ಯಾಸ, ಆಮೇಲೆ ಧ್ಯಾನ. ಒಂದು ದಿನ ‘ನಾನು’ ಅನ್ನೋದೇ ಇಲ್ಲ ಅನ್ನಿಸಿ ಹೇಳಲಾರದ ಸಂತೋಷವಾಯಿತು. ಆ ವಾರ ಮೂರ್ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ, ಆದರೂ ಸುಸ್ತಾಗಲಿಲ್ಲ. ಅದಾಗಿ ಎಂಟು ತಿಂಗಳಾಯಿತು. ಈಗ ಯಾವುದರಲ್ಲೂ ಆಸೆ ಇಲ್ಲ. ಮದುವೆ, ಒಡವೆ, ಸೀರೆ ಏನೂ ಬೇಡ. ಮಗ ಫೋನ್ ಮಾಡಿದರೂ ಏನೂ ಅನ್ನಿಸುವುದಿಲ್ಲ. ಒಂದು ಹೊತ್ತು ಊಟ. ಕೈಬೆರಳು, ನಡುನೆತ್ತಿ ಜುಮ್ಮೆನ್ನುತ್ತದೆ. ಸುಮ್ನೆ ಕೂತಲ್ಲೇ ಅಳು ಬರುತ್ತದೆ. ಗುಂಪಿನವರು ‘ನೀವು ಐದನೇ ಹಂತಕ್ಕೆ ಬಂದಿದ್ದೀರಿ, ಇನ್ನು ಸಂಸಾರದ ಬಂಧ ಕಳಚಬೇಕು, ಹತ್ತು ದಿನದ ಮೌನ ಶಿಬಿರಕ್ಕೆ ಬನ್ನಿ’ ಎನ್ನುತ್ತಾರೆ. ಯಜಮಾನರು ‘ಇವಳಿಗೆ ಏನೋ ಗಾಳಿ ಸೋಕಿದೆ’ ಅಂತ ದೇವರು ಹೇಳುವವರ ಹತ್ತಿರ ಕರೆದುಕೊಂಡು ಹೋಗಲು ನಿಂತಿದ್ದಾರೆ. ಕೈವಾರದ ತಾತಯ್ಯನವರೂ ಎಲ್ಲ ಬಿಟ್ಟು ಹೋದವರಲ್ವಾ? ನನಗೆ ಯಾರ ಮೇಲೂ ಕೋಪ ಇಲ್ಲ. ಆದರೆ ನಾದಿನಿಯ ಫೋನ್ ಬಂದರೆ ಎದೆ ಡವಡವ ಅನ್ನುತ್ತದೆ. ನಾನು ಯಾವ ಹಂತದಲ್ಲಿ ಇದ್ದೇನೆ? ಇದು ಜಾಗೃತಿಯೋ, ಕಾಯಿಲೆಯೋ?

ಉತ್ತರ:

ಅಮ್ಮಾ, ನೀವು ಎರಡೇ ಬಾಗಿಲು ಇಟ್ಟು ಕೇಳಿದ್ದೀರಿ. ಒಂದು ಜಾಗೃತಿ, ಇನ್ನೊಂದು ಕಾಯಿಲೆ. ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಕಂಡದ್ದು ಇವೆರಡೂ ಅಲ್ಲ. ಒಂಬತ್ತು ವರ್ಷ ಒಬ್ಬರನ್ನು ಎತ್ತಿ ಇಳಿಸಿ, ತೊಳೆದು, ಉಣ್ಣಿಸಿ, ಅವರು ಹೋದ ಮೇಲೆ ಕೂತು ಅಳುವುದಕ್ಕೂ ಸಮಯ ಸಿಗದ ಒಬ್ಬ ಹೆಂಗಸು ಕಂಡರು. ಅತ್ತೆ ಹೋದರು, ಮಗ ಹೋದ. ಬೆಳಗ್ಗೆಯಿಂದ ರಾತ್ರಿವರೆಗೆ ನಿಮ್ಮನ್ನು ಹಿಡಿದು ನಿಲ್ಲಿಸಿದ್ದ ಕೆಲಸವೆಲ್ಲ ಒಂದೇ ವರ್ಷದಲ್ಲಿ ಕೈಬಿಟ್ಟಿತು. ಆ ಖಾಲಿ ಜಾಗಕ್ಕೆ ಧ್ಯಾನ ಬಂತು. ಬಂದದ್ದು ತಪ್ಪಲ್ಲ. ಆದರೆ ಆ ಜಾಗದಲ್ಲಿ ಮೊದಲು ಕೂರಬೇಕಾಗಿದ್ದ ದುಃಖ ಇನ್ನೂ ಹೊರಗೇ ನಿಂತಿದೆ.

ಮೊದಲಿಗೆ ಈ ‘ಹಂತ’ದ ವಿಚಾರ. ಮನುಷ್ಯ ಹಂತಹಂತವಾಗಿ ಬೆಳೆಯುತ್ತಾನೆ ಎಂಬುದು ಸುಳ್ಳಲ್ಲ. ಮನಃಶಾಸ್ತ್ರದಲ್ಲಿ ಎರಿಕ್ ಎರಿಕ್‌ಸನ್ 1950ರಲ್ಲೇ ಹುಟ್ಟಿನಿಂದ ಮುಪ್ಪಿನವರೆಗೆ ಎಂಟು ಹಂತ ಹೇಳಿದರು. ನಿಮ್ಮ ವಯಸ್ಸು ಏಳನೆಯದಕ್ಕೆ ಬರುತ್ತದೆ. ‘ಇಷ್ಟು ವರ್ಷ ದುಡಿದೆ, ನನ್ನಿಂದ ಮುಂದಿನವರಿಗೆ ಏನು ಹೋಯಿತು, ನನ್ನದು ಅಂತ ಏನು ಉಳಿಯಿತು’ ಎನ್ನುವ ಪ್ರಶ್ನೆ ಕಾಡುವ ಕಾಲ ಅದು. ಇದಕ್ಕೆ ಉತ್ತರ ಸಿಗದೇ ಹೋದರೆ ಜೀವನ ನಿಂತ ನೀರು ಅನ್ನಿಸುತ್ತದೆ. ನಲವತ್ತು ದಾಟಿದ ಮೇಲೆ ನನ್ನ ಬಳಿ ಬರುವವರಲ್ಲಿ, ಗಂಡಸಾಗಲಿ ಹೆಂಗಸಾಗಲಿ, ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ. ಇದು ಕಾಯಿಲೆಯಲ್ಲ, ಜಾಗೃತಿಯೂ ಅಲ್ಲ. ವಯಸ್ಸು ಕೇಳುವ ಲೆಕ್ಕ.

ಇನ್ನೊಬ್ಬರು ಅಬ್ರಹಾಂ ಮ್ಯಾಸ್ಲೊ. ಮನುಷ್ಯನಿಗೆ ಬೇಕಾದದ್ದು ಊಟ, ಭದ್ರತೆ, ಪ್ರೀತಿ, ಮರ್ಯಾದೆ, ಕೊನೆಗೆ ತನ್ನ ಪೂರ್ತಿ ಶಕ್ತಿ ಅರಳುವುದು ಎಂದು ಅವರು 1943ರಲ್ಲಿ ಬರೆದರು. ಅದನ್ನು ಎಲ್ಲರೂ ತ್ರಿಕೋನದ ಚಿತ್ರ ಹಾಕಿ ತೋರಿಸುತ್ತಾರೆ. ಆ ಲೇಖನದಲ್ಲಿ ಅಂಥ ತ್ರಿಕೋನ ಇರಲಿಲ್ಲ. ಕೆಳಗಿನದು ನೂರಕ್ಕೆ ನೂರು ಮುಗಿದ ಮೇಲೇ ಮೇಲಿನದು ಎಂದೂ ಅವರು ಹೇಳಲಿಲ್ಲ. ಕೊನೆಗಾಲದಲ್ಲಿ ಅವರು ಇದರ ಮೇಲೆ ಇನ್ನೊಂದನ್ನು ಸೇರಿಸಿದರು: ತನ್ನನ್ನು ಮೀರಿ, ತನಗಿಂತ ದೊಡ್ಡದಕ್ಕೆ ತೆರೆದುಕೊಳ್ಳುವುದು. ಅಂದರೆ ನೀವು ಅನುಭವಿಸಿದಂಥ ‘ನಾನು ಇಲ್ಲ’ ಎನ್ನುವ ಗಳಿಗೆಗಳು ಮನುಷ್ಯರಿಗೆ ಬರುತ್ತವೆ ಎಂಬುದನ್ನು ಮನಃಶಾಸ್ತ್ರವೂ ಒಪ್ಪುತ್ತದೆ. ಅದನ್ನು ಹುಚ್ಚು ಎಂದು ತಳ್ಳಿಹಾಕುವವರು ವಿಷಯ ತಿಳಿದು ಮಾತಾಡುತ್ತಿಲ್ಲ. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ತನ್ನ ಕೈಪಿಡಿಯಲ್ಲಿ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂದು ಒಂದು ಬೇರೆ ವಿಭಾಗವನ್ನೇ ಮಾಡಿತು. ವೈದ್ಯರ ಗಮನ ಬೇಕಾಗಬಹುದು, ಆದರೆ ಅದನ್ನು ಮಾನಸಿಕ ಕಾಯಿಲೆ ಎಂದು ಎಣಿಸಬೇಕಿಲ್ಲ ಎಂಬ ಅರ್ಥದಲ್ಲಿ.

ನಿಮ್ಮ ಗುಂಪಿನವರು ಹೇಳುವ ಐದನೇ ಹಂತ ಬಹುಶಃ ಯೋಗವಾಸಿಷ್ಠದ ಏಳು ಭೂಮಿಕೆಗಳಲ್ಲಿ ಐದನೆಯದು, ಅಸಂಸಕ್ತಿ, ಅಂದರೆ ಯಾವುದಕ್ಕೂ ಅಂಟಿಕೊಳ್ಳದಿರುವುದು. ಸರಿ, ಅದನ್ನೇ ನೋಡೋಣ. ಅದಕ್ಕೂ ಮುಂಚೆ ನಾಲ್ಕು ಇವೆ. ಮೊದಲನೆಯದು ಶುಭೇಚ್ಛೆ, ಎರಡನೆಯದು ವಿಚಾರಣೆ. ಅಂದರೆ ತನ್ನನ್ನೇ ಕೂರಿಸಿಕೊಂಡು ‘ನನಗೆ ನಿಜವಾಗಿ ಏನಾಗುತ್ತಿದೆ’ ಎಂದು ಬಿಡದೆ ಕೇಳುವುದು. ಈ ಎರಡನೆಯದನ್ನು ನಿಮಗೆ ಯಾರೂ ಮಾಡಿಸಿಲ್ಲ ಅನ್ನಿಸುತ್ತದೆ. ಮಾಡಿಸಿದ್ದರೆ ನಾದಿನಿಯ ಫೋನಿಗೆ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂದು ಯಾರಾದರೂ ನಿಮ್ಮನ್ನು ಕೇಳುತ್ತಿದ್ದರು.

ನಮ್ಮ ಶರಣರ ಷಟ್‌ಸ್ಥಲವನ್ನೂ ಮೆಟ್ಟಿಲಿನ ಹಾಗೆ ಹೇಳುವವರಿದ್ದಾರೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಆದರೆ ಒಂದೊಂದು ಸ್ಥಲದೊಳಗೂ ಉಳಿದವನ್ನೆಲ್ಲ ಕಾಣುವ ಕ್ರಮ ಅಲ್ಲಿದೆ, ಹಾಗಾಗಿಯೇ ಆರು ಮೂವತ್ತಾರು ಆಗುತ್ತದೆ. ಮೇಲೆ ಹತ್ತಿದ ಮೇಲೆ ಕೆಳಗಿನದು ಬೇಡ ಎನ್ನುವ ಲೆಕ್ಕ ಅಲ್ಲಿ ಇಲ್ಲ. ಶರಣರು ಕಾಯಕವನ್ನೂ ಬಿಡಲಿಲ್ಲ. ನೂಲುವವರು ನೂಲಿದರು, ದೋಣಿ ನಡೆಸುವವರು ದೋಣಿ ನಡೆಸಿದರು.

ಇನ್ನು ಕೈವಾರದ ತಾತಯ್ಯನವರು. ನಿಮ್ಮ ಪಕ್ಕದ ಚಿಂತಾಮಣಿ ತಾಲ್ಲೂಕಿನವರು, ನಿಮಗೇ ಜಾಸ್ತಿ ಗೊತ್ತು. ಬಳೆ ಮಲಾರ ಹೊತ್ತು ಊರೂರು ತಿರುಗಿದ ಗೃಹಸ್ಥರು. ಅವರು ಏನು ಬಿಟ್ಟರು ಎನ್ನುವುದನ್ನೇ ಎಲ್ಲರೂ ಹೇಳುತ್ತಾರೆ. ಆಮೇಲೆ ಜನಕ್ಕೆ ಏನು ಕೊಟ್ಟರು ಎನ್ನುವುದನ್ನೂ ನೋಡಿ. ಅವರ ತತ್ವಪದಗಳನ್ನು ಈ ಸೀಮೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಇವತ್ತಿಗೂ ಹಾಡುತ್ತಾರೆ. ಜನರ ಬಗ್ಗೆ ಏನೂ ಅನ್ನಿಸದವರಿಂದ ಅಂಥ ಪದ ಬರುವುದಿಲ್ಲ.

ಇಲ್ಲೇ ನನಗೆ ನಿಮ್ಮ ವಿಷಯದಲ್ಲಿ ಆತಂಕ. ಮಗನ ಫೋನ್ ಬಂದರೂ ಏನೂ ಅನ್ನಿಸುವುದಿಲ್ಲ ಎಂದಿರಿ. ವೈರಾಗ್ಯ ಬಂದವರಿಗೆ ಮಕ್ಕಳ ಮೇಲಿನ ಹಿಡಿತ ಸಡಿಲವಾಗಬಹುದು, ‘ನಾನು ಹೇಳಿದ ಹಾಗೇ ಆಗಬೇಕು’ ಎನ್ನುವ ಹಟ ಹೋಗಬಹುದು. ಪ್ರೀತಿ ಬತ್ತುವುದಿಲ್ಲ. ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ, ಎದುರಿನವರ ನೋವು ಮೊದಲಿಗಿಂತ ಬೇಗ ತಟ್ಟುತ್ತದೆ. ಖಿನ್ನತೆಯಲ್ಲಿ ಹಾಗಲ್ಲ. ಸುಖವೂ ತಟ್ಟುವುದಿಲ್ಲ, ದುಃಖವೂ ಸರಿಯಾಗಿ ತಟ್ಟುವುದಿಲ್ಲ, ಎಲ್ಲ ಮರಗಟ್ಟಿದ ಹಾಗೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಸೀರೆ ಬೇಡ, ಒಡವೆ ಬೇಡ, ಮದುವೆಗೆ ಬರಲ್ಲ. ಒಳಗೆ ಅಜಗಜಾಂತರ.

ನಾದಿನಿಯ ವಿಷಯಕ್ಕೆ ಬರುತ್ತೇನೆ, ಯಾಕಂದರೆ ನಿಮ್ಮ ಇಡೀ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ ಸಾಲು ಅದು. ‘ಯಾರ ಮೇಲೂ ಕೋಪ ಇಲ್ಲ’ ಎಂದಿರಿ. ಮುಂದಿನ ಸಾಲಿನಲ್ಲೇ ಫೋನ್ ಬಂದರೆ ಎದೆ ಡವಡವ ಎಂದಿರಿ. ಆ ಒಂಬತ್ತು ವರ್ಷದಲ್ಲಿ ಅತ್ತೆಯ ಸ್ವಂತ ಮಗಳು ಎಷ್ಟು ರಾತ್ರಿ ಬಂದು ಉಳಿದರು ಎಂದು ನೀವು ಬರೆದಿಲ್ಲ. ಊಹಿಸುವುದು ನನ್ನ ಕೆಲಸವಲ್ಲ, ಹಾಗಾಗಿ ಕೇಳುತ್ತೇನೆ. ಯಾರಾದರೂ ನಿಮಗೆ ‘ನೀನು ಬಹಳ ಮಾಡಿದೆ ಕಣಮ್ಮ’ ಎಂದು ಬಾಯಿಬಿಟ್ಟು ಹೇಳಿದರಾ? ಹೇಳಿಲ್ಲ ಎಂದಾದರೆ ಆ ಸಿಟ್ಟು ನ್ಯಾಯವಾದದ್ದು. ಧ್ಯಾನ ಅದನ್ನು ಕರಗಿಸಿಲ್ಲ, ಮುಚ್ಚಿಟ್ಟಿದೆ ಅಷ್ಟೆ. ತಲೆ ‘ಕೋಪ ಇಲ್ಲ’ ಎಂದರೂ ಎದೆ ಒಪ್ಪುತ್ತಿಲ್ಲ.

ಹೀಗೆ ಹಳೇ ನೋವನ್ನು ಎದುರಿಸದೆ, ಆಧ್ಯಾತ್ಮದ ಮಾತಿನ ಮೇಲೆ ಹಾರಿ ಅದನ್ನು ದಾಟಿಬಿಡಲು ನೋಡುವುದಕ್ಕೆ ಜಾನ್ ವೆಲ್‌ವುಡ್ ಎಂಬ ಮನಃಶಾಸ್ತ್ರಜ್ಞರು 1980ರ ದಶಕದಲ್ಲಿ ‘ಸ್ಪಿರಿಚುವಲ್ ಬೈಪಾಸಿಂಗ್’ ಎಂದು ಹೆಸರಿಟ್ಟರು. ಅವರೇ ಧ್ಯಾನ ಮಾಡುತ್ತಿದ್ದವರು, ಧ್ಯಾನದ ವಿರೋಧಿಯಲ್ಲ. ಶ್ರೀನಿವಾಸಪುರದ ಕಡೆಯ ಮಾವನ್ನು ಕಾರ್ಬೈಡ್ ಹಾಕಿ ಹಣ್ಣು ಮಾಡಿದರೆ ಸಿಪ್ಪೆ ಹಳದಿಯಾಗಿರುತ್ತದೆ, ಕೊಯ್ದರೆ ಓಟೆಯ ಹತ್ತಿರ ಹುಳಿ ಹಾಗೇ ಇರುತ್ತದೆ. ಇದೂ ಹಾಗೆ. ಇದು ನಿಮ್ಮ ತಪ್ಪಲ್ಲ. ಅಷ್ಟು ನೋವಿದ್ದಾಗ ಯಾರಾದರೂ ‘ಇದೆಲ್ಲ ಮಾಯೆ’ ಎಂದರೆ ಹಾಯೆನಿಸುತ್ತದೆ.

ಹಾಗಾದರೆ ಮನಸ್ಸು ಮಾಗುವುದು ಅಂದರೆ ಏನು? ದೊಡ್ಡ ಮಾತೇನಿಲ್ಲ. ಆಗಲ್ಲ ಎನ್ನುವುದನ್ನು ಕೂಗಾಡದೆ, ತಪ್ಪಿತಸ್ಥರ ಹಾಗೆ ಕುಗ್ಗದೆ ಹೇಳಲು ಬರುವುದು. ಸಿಟ್ಟು ಬಂದಾಗ ‘ಸಿಟ್ಟು ಬಂದಿದೆ’ ಎಂದು ಗುರುತಿಸಿ, ಅದನ್ನು ಯಾರ ಮೇಲೋ ಎಸೆಯದೆ, ನುಂಗಿಯೂ ಹಾಕದೆ ಸ್ವಲ್ಪ ಹೊತ್ತು ಹಿಡಿದುಕೊಳ್ಳುವುದು. ಒಬ್ಬರೇ ಮನುಷ್ಯರ ಬಗ್ಗೆ ಪ್ರೀತಿ, ಬೇಸರ ಎರಡೂ ಇರಬಹುದು ಎಂದು ಒಪ್ಪುವುದು. ಅತ್ತೆಯನ್ನು ನೀವು ಪ್ರೀತಿಸಿದ್ದೂ ನಿಜ, ‘ಇವರು ಬೇಗ ಹೋದರೆ ಸಾಕು’ ಎಂದು ಯಾವತ್ತೋ ಒಂದು ರಾತ್ರಿ ಅನ್ನಿಸಿದ್ದೂ ನಿಜ ಇರಬಹುದು. ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಂಡ ಎಷ್ಟೋ ಜನ ನನ್ನೆದುರು ಕೂತು, ಬಾಗಿಲು ಮುಚ್ಚಿದ ಮೇಲೆ ಮೆಲ್ಲಗೆ ಹೇಳುವ ಮಾತು ಅದು. ಅದನ್ನು ಹೇಳಿ ಅತ್ತಾದ ಮೇಲೆ ಹಗುರಾಗುತ್ತಾರೆ. ನಿಮಗೆ ಕೂತಲ್ಲೇ ಬರುವ ಅಳುವಿಗೆ ಇಂಥದ್ದೇನಾದರೂ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ಪಾಪ ಎಂದುಕೊಳ್ಳಬೇಡಿ. ದಣಿದ ಯಾರಿಗಾದರೂ ಹಾಗೆ ಅನ್ನಿಸುತ್ತದೆ.

ಇನ್ನು ದೇಹದ ಮಾತು. ಜುಮ್ಮೆನ್ನುವುದನ್ನು ಗುಂಪಿನಲ್ಲಿ ಕುಂಡಲಿನಿ ಎಂದಿರಬಹುದು. ಆದರೆ ಜೋರಾಗಿ, ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಬೆರಳು, ತುಟಿ ಜುಮ್ಮೆನ್ನುತ್ತವೆ, ತಲೆ ಹಗುರಾದಂತೆ ಆಗುತ್ತದೆ. ಯಾರು ಮಾಡಿದರೂ ಆಗುತ್ತದೆ, ಇದಕ್ಕೆ ಭಕ್ತಿ ಬೇಕಿಲ್ಲ. ಅಭ್ಯಾಸ ಮಾಡದ ಹೊತ್ತಿನಲ್ಲೂ ಬೆರಳು ಜುಮ್ಮೆಂದರೆ ಬಿ12 ನೋಡಿಸಬೇಕು. ಇದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮುಖ್ಯವಾಗಿ ಸಿಗುವ ಜೀವಸತ್ವ. ಒಂದೇ ಹೊತ್ತು ಉಣ್ಣುವವರಲ್ಲಿ, ಮಾಂಸ ಮೊಟ್ಟೆ ಬಿಟ್ಟು ಹಾಲನ್ನೂ ಕಡಿಮೆ ಕುಡಿಯುವವರಲ್ಲಿ ಕೊರತೆ ಆಗುತ್ತದೆ. ಕೊರತೆಯಾದರೆ ನರ ಜುಮ್ಮೆನ್ನುವುದಷ್ಟೇ ಅಲ್ಲ, ಮನಸ್ಸೂ ಕುಗ್ಗುತ್ತದೆ. ಥೈರಾಯ್ಡ್ ಕಡಿಮೆಯಿದ್ದರೂ ಯಾವುದೂ ಬೇಡ ಅನ್ನಿಸುತ್ತದೆ. ರಕ್ತ ಕಡಿಮೆಯಿದ್ದರೆ ಎದೆ ಡವಡವ ಅನ್ನುತ್ತದೆ, ಸುಸ್ತಾಗುತ್ತದೆ. ನಿಮ್ಮ ವಯಸ್ಸಿಗೆ ಮುಟ್ಟು ಏರುಪೇರಾಗುವ ಕಾಲವೂ ಹೌದು, ಆಗ ನಿದ್ದೆ ಕೆಡುತ್ತದೆ, ಅಳು ಬೇಗ ಬರುತ್ತದೆ. ಮುಟ್ಟಿನ ಬಗ್ಗೆ ನೀವು ಬರೆದಿಲ್ಲ, ವೈದ್ಯರಿಗೆ ಮರೆಯದೆ ಹೇಳಿ. ಹಿಮೋಗ್ಲೋಬಿನ್, ಥೈರಾಯ್ಡ್‌ಗೆ ಟಿಎಸ್‌ಎಚ್, ಬಿ12, ಸಕ್ಕರೆ ಇಷ್ಟು ರಕ್ತಪರೀಕ್ಷೆ ಮೊದಲು ಮಾಡಿಸಿ. ಯಾವ ಹಂತದ ಮಾತೇ ಆದರೂ ಅದರ ಆಮೇಲೆ.

ಆ ಮೂರ್ನಾಲ್ಕು ರಾತ್ರಿಯ ವಿಷಯ ನನಗೆ ಹೆಚ್ಚು ಮುಖ್ಯ. ನಿದ್ದೆ ಇಲ್ಲದೆಯೂ ಸುಸ್ತಾಗದೆ, ಮನಸ್ಸು ಉಕ್ಕಿ ಹರಿಯುವುದು ಒಂದು ಥರದ ಮನೋರೋಗದ ಶುರುವಿನಲ್ಲೂ ಕಾಣುತ್ತದೆ. ಬೈಪೋಲಾರ್ ಎನ್ನುತ್ತಾರೆ. ಏರು ಒಂದು ಕಾಲ, ಇಳಿತ ಇನ್ನೊಂದು ಕಾಲ. ನಿಮಗೆ ಅದೇ ಇದೆ ಎಂದು ಪತ್ರ ನೋಡಿ ಹೇಳಲು ಬರುವುದಿಲ್ಲ, ಹೇಳುವುದೂ ಇಲ್ಲ. ಉಪವಾಸ, ನಿದ್ದೆಗೇಡು, ಗಂಟೆಗಟ್ಟಲೆ ಧ್ಯಾನ ಮೂರೂ ಸೇರಿದಾಗ ಆರೋಗ್ಯವಂತರಿಗೂ ಹಾಗೆ ಆಗುವುದುಂಟು. ಆದರೆ ವೈದ್ಯರಿಗೆ ಇದನ್ನು ಹೇಳಲೇಬೇಕು, ಯಾಕಂದರೆ ಬೈಪೋಲಾರ್ ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಮತ್ತೆ ಮಿತಿಮೀರಿ ಏರಬಹುದು. ‘ಬೇಜಾರು, ಅಳು’ ಎಂದಷ್ಟೇ ಹೇಳಿ ಮಾತ್ರೆ ತರಬೇಡಿ. ಆ ವಾರದಲ್ಲಿ ಮಾತು ಜಾಸ್ತಿಯಾಗಿತ್ತಾ, ದುಡ್ಡು ಸಿಕ್ಕಾಪಟ್ಟೆ ಖರ್ಚಾಯಿತಾ, ‘ನನ್ನನ್ನು ದೇವರು ವಿಶೇಷ ಕೆಲಸಕ್ಕೆ ಆರಿಸಿದ್ದಾನೆ’ ಅನ್ನಿಸಿತಾ, ಇದನ್ನು ಯಜಮಾನರನ್ನೂ ಕೇಳಿ ನೋಡಿ. ನಮಗೆ ಕಾಣದ್ದು ಮನೆಯವರಿಗೆ ಕಂಡಿರುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಧ್ಯಾನ ಪೂರ್ತಿ ಬಿಡಬೇಕಾ? ನನ್ನ ಸಲಹೆ, ಜೋರು ಉಸಿರಾಟವನ್ನು ಇವತ್ತೇ ನಿಲ್ಲಿಸಿ. ಧ್ಯಾನವನ್ನು ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಇಳಿಸಿ, ಅದೂ ಬೆಳಕಾದ ಮೇಲೆ, ಕಣ್ಣು ಅರೆ ತೆರೆದು. ಅದು ಮಾಡಿದ ಮೇಲೂ ‘ಇದು ನಾನಲ್ಲ, ಸುತ್ತ ಇರುವುದು ನಿಜವಲ್ಲ’ ಅನ್ನಿಸುತ್ತಾ ಉಳಿದರೆ ಪೂರ್ತಿ ನಿಲ್ಲಿಸಿ. ಜಾಸ್ತಿ ಧ್ಯಾನದಿಂದ ಕೆಲವರಿಗೆ ಹೀಗಾಗುವುದು ಗೊತ್ತಿರುವ ಸಂಗತಿಯೇ. ಇಳಿಸಿದಾಗ ಮೊದಮೊದಲು ಅಳು ಜಾಸ್ತಿಯಾಗಬಹುದು, ಏನೋ ಕಳಕೊಂಡ ಹಾಗೆ ಅನ್ನಿಸಬಹುದು. ಅದು ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ಜೊತೆಗೆ ರಾತ್ರಿ ಏಳು ಗಂಟೆ ನಿದ್ದೆ, ಎರಡು ಮೂರು ಹೊತ್ತು ಊಟ. ಮೂರೂವರೆಗೆ ಏಳುವುದು ಸದ್ಯಕ್ಕೆ ಬೇಡ.

ಹತ್ತು ದಿನದ ಮೌನ ಶಿಬಿರಕ್ಕೆ ಈಗ ಹೋಗಬೇಡಿ. ಇಷ್ಟನ್ನು ಖಚಿತವಾಗಿ ಹೇಳುತ್ತೇನೆ. ಅಂಥ ಶಿಬಿರಗಳು ಕೆಟ್ಟವು ಎಂದಲ್ಲ, ಎಷ್ಟೋ ಜನಕ್ಕೆ ಒಳ್ಳೆಯದಾಗಿದೆ. ನಿದ್ದೆ ಕೆಟ್ಟು, ಊಟ ಬಿಟ್ಟು, ಅಳು ತಡೆಯಲಾರದೆ ಇರುವವರನ್ನು ಹತ್ತು ದಿನ ಮಾತಿಲ್ಲದೆ ಕೂರಿಸಿದರೆ ಒಳಗಿರುವುದೆಲ್ಲ ಒಂದೇ ಸಲ ಮೇಲೆ ಬರುತ್ತದೆ, ಹಿಡಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಮನೋವೈದ್ಯರನ್ನು ಕಂಡರೆ ಎಲ್ಲರಿಗೂ ಮಾತ್ರೆಯೇ ಕೊಡುತ್ತಾರೆ ಎಂಬುದು ಸುಳ್ಳು. ಎಷ್ಟೋ ಜನಕ್ಕೆ ಆಪ್ತಸಲಹೆಯೇ ಸಾಕಾಗುತ್ತದೆ. ಮಾತ್ರೆ ಬೇಕಾದರೆ ಅದರ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಬಹುದು, ಚಡಪಡಿಕೆ ಆಗಬಹುದು. ಗುಣವಾಯಿತು ಅಂತ ತಟ್ಟನೆ ನಿಲ್ಲಿಸಬಾರದು. ಖಿನ್ನತೆಯ ಮಾತ್ರೆ ಚಟ ಹಿಡಿಸುತ್ತದೆ ಎನ್ನುವ ಭಯ ಬೇಡ. ಅದನ್ನು ತೆಗೆದುಕೊಂಡರೆ ಸಾಧನೆ ಕೆಡುತ್ತದೆ ಎಂಬುದಕ್ಕೂ ಬುಡವಿಲ್ಲ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ವಿಚಾರಿಸಿ. ದೂರ ಅನ್ನಿಸದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಎಲ್ಲಿಗೂ ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಅದು, 2022ರಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೆಲವಕ್ಕೆ ಕಾಯಬಾರದು. ಮತ್ತೆ ಎರಡು ಮೂರು ರಾತ್ರಿ ನಿದ್ದೆಯೇ ಬರದಿದ್ದರೆ, ಹೀಗೆ ಮಾಡು ಹಾಗೆ ಮಾಡು ಎಂದು ದನಿ ಕೇಳಿಸಿದರೆ, ನೀರು ಊಟ ಬಿಟ್ಟರೆ, ‘ಈ ದೇಹ ಇನ್ನು ಸಾಕು, ಬಿಟ್ಟುಬಿಡಬೇಕು’ ಅನ್ನಿಸಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೊನೆಯದನ್ನು ದೇಹತ್ಯಾಗ, ಮುಕ್ತಿ ಎಂಬ ದೊಡ್ಡ ಮಾತಿನಲ್ಲಿ ಸುತ್ತಿ ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ನಿಮಗೆ ಈಗಾಗಲೇ ಹಾಗೆ ಅನ್ನಿಸುತ್ತಿದ್ದರೆ ಇದನ್ನು ಓದುವುದು ನಿಲ್ಲಿಸಿ ಮನೆಯವರಿಗೆ ಹೇಳಿ, ಇಲ್ಲವೇ 14416ಕ್ಕೆ ಫೋನ್ ಮಾಡಿ.

ಯಜಮಾನರ ಮೇಲೂ ಬೇಸರ ಮಾಡಿಕೊಳ್ಳಬೇಡಿ. ‘ಗಾಳಿ’ ಎನ್ನುವುದು ಅವರಿಗೆ ಗೊತ್ತಿರುವ ಮಾತು, ಅದರ ಹಿಂದೆ ಭಯ ಇದೆ. ದೇವಸ್ಥಾನಕ್ಕೆ ಹೋಗಿ ತಾಯಿತ ಕಟ್ಟಿಸಿಕೊಂಡರೆ ಅವರಿಗೆ ಧೈರ್ಯ ಬರುವುದಾದರೆ ನನ್ನ ತಕರಾರಿಲ್ಲ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಡಾಕ್ಟರ ಹತ್ತಿರ ಹೋಗಬೇಡ ಎನ್ನುವುದು ಬಂದರೆ ಅಲ್ಲಿಂದ ಎದ್ದು ಬನ್ನಿ. ಈ ಉತ್ತರವನ್ನು ಅವರಿಗೂ ಓದಿಸಿ. ರಕ್ತಪರೀಕ್ಷೆಗೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಸಂಸಾರ ಬಿಡುವುದು, ಒಡವೆ ಕೊಟ್ಟುಬಿಡುವುದು, ಘಟಕದ ಲೆಕ್ಕವನ್ನು ಪೂರ್ತಿ ಬೇರೆಯವರ ಕೈಗೆ ಹಾಕುವುದು, ಯಾವುದಕ್ಕೂ ಇನ್ನು ಆರು ತಿಂಗಳು ಸಹಿ ಹಾಕಬೇಡಿ. ನಿಮಗೆ ಬಂದದ್ದು ನಿಜವಾದ ವೈರಾಗ್ಯವೇ ಆಗಿದ್ದರೆ ಆರು ತಿಂಗಳಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ, ನಿದ್ದೆ ಊಟ ಸರಿಯಾದ ಮೇಲೂ ಉಳಿದಿರುತ್ತದೆ. ಅಂದಿನ ಆ ಸಂತೋಷವನ್ನು ಸುಳ್ಳು ಎಂದು ಎಸೆಯಿರಿ ಎಂದೂ ಹೇಳುತ್ತಿಲ್ಲ. ಅದು ನಿಮಗೆ ಆದದ್ದು, ನಿಮ್ಮದು. ಅದು ಮತ್ತೆ ಬರಲಿ ಎಂದು ದೇಹ ದಂಡಿಸುವುದು ಮಾತ್ರ ಬೇಡ.

ಗುಂಪಿನವರಿಗೆ ಏನು ಹೇಳುವುದು ಎಂಬ ಮುಜುಗರ ನಿಮಗೆ ಇರುತ್ತದೆ. ವಾದ ಬೇಡ. ‘ಆರೋಗ್ಯ ಸರಿಯಿಲ್ಲ, ಟೆಸ್ಟ್ ಮಾಡಿಸುತ್ತಿದ್ದೇನೆ, ಸ್ವಲ್ಪ ತಿಂಗಳು ಬರುವುದಿಲ್ಲ’ ಎಂದಷ್ಟೇ ಹೇಳಿ. ರಿಪೋರ್ಟ್ ಏನು ಬಂತು ಎಂದು ಕೇಳುವವರ ಜೊತೆ ಸ್ನೇಹ ಇಟ್ಟುಕೊಳ್ಳಿ. ಹಂತದಿಂದ ಜಾರಿ ಬೀಳುತ್ತೀರಿ ಎಂದು ಹೆದರಿಸುವವರ ಫೋನ್ ತೆಗೆಯಬೇಡಿ. ಮಗನಿಗೆ ಮಾತ್ರ ನೀವೇ ಒಂದು ಫೋನ್ ಮಾಡಿ, ಏನೂ ಅನ್ನಿಸದಿದ್ದರೂ ಸರಿ. ಹುಷಾರಿಲ್ಲ, ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಈ ಭಾನುವಾರ ಬಂದು ಹೋಗು ಎಂದು ಹೇಳಿ.